ಶಾಂತಿ ಬೇಕಾದವರು ಹದಿನೇಳು ಮಂದಿ

"ಎಲ್ಲಾದ್ರೂ ಶಾಂತವಾಗಿರೋ ಕಡೆ ಹೋಗ್ಬಿಡ್ಬೇಕು ಕಣ್ರೀ." ಈ ಮಾತನ್ನು ಮೆಲ್ಲಗೆ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಲಿಫ್ಟಿನೊಳಗೆ, ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುತ್ತಾ, ಕಿರುಚಿಯೇ ಹೇಳುತ್ತಾರೆ. ದೀಪಾವಳಿ ಕಳೆದು ಬೆಂಗಳೂರಿನಲ್ಲಿ ಬೆಳಗಿನ ಚಳಿ ಶುರುವಾಯಿತೆಂದರೆ ಈ ಮಾತಿನ ಸುಗ್ಗಿ. ಎಲ್ಲಿಗೆ ಹೋಗ್ತೀರಿ ಎಂದು ಕೇಳಿ ನೋಡಿ. ಬೆಟ್ಟ ಬೇಡವಂತೆ. ಬೆಟ್ಟಕ್ಕೆ ರಸ್ತೆ ಇದೆ, ರಸ್ತೆ ಇದ್ದ ಮೇಲೆ ಪಕ್ಕದ ಮನೆಯವರೂ ಅಲ್ಲೇ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಸಿಗುತ್ತಾರೆ. ಕಾಡೂ ಬೇಡವಂತೆ. ಸಫಾರಿಯಲ್ಲಿ ಹುಲಿ ಕಾಣುವುದಕ್ಕೆ ಮುಂಚೆ ಎದುರಿನ ಜೀಪಿನಲ್ಲಿ ಆಫೀಸಿನ ಮ್ಯಾನೇಜರ್ ಕಾಣುತ್ತಾರೆ. ಹಾಗಾಗಿ ದ್ವೀಪ. ಸುತ್ತಲೂ ನೀರಿರುವುದರಿಂದ ಯಾರೂ ಹೇಳದೆ ಕೇಳದೆ ಬಂದುಬಿಡಲಾರರು ಎಂಬ ಧೈರ್ಯ.

ನಮ್ಮ ಭಾವನಿಗೆ ಈ ಸಲ ಈ ದ್ವೀಪದ ಹುಚ್ಚು ಜೋರಾಗಿಯೇ ತಗುಲಿಕೊಂಡಿದೆ. ನೌಕರಿಯಿಂದ ನಿವೃತ್ತಿ ಹತ್ತಿರವಿದ್ದರೂ ಮಾತಿನಿಂದ ನಿವೃತ್ತಿಯ ಸೂಚನೆಯಿಲ್ಲದ ಮನುಷ್ಯ. ಮೊದಲ ಕೆಲಸ ಅಂತ ಅವರು ಮಾಡಿದ್ದು ಒಂದು ವಾಟ್ಸ್ಆ್ಯಪ್ ಗ್ರೂಪು. ಹೆಸರು 'ಮೌನ ದ್ವೀಪ'. ಬೆಳಗ್ಗೆ ಅದರಲ್ಲಿದ್ದವರು ಭಾವ, ಅಕ್ಕ, ನಾನು, ನನ್ನ ಹೆಂಡತಿ. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪ ಚಿಕ್ಕಮ್ಮ ಬಂದರು, ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಲ್ಲ. ಚಿಕ್ಕಮ್ಮನ ಹಿಂದೆ ಮಗಳು, ಅಳಿಯ, ಮಕ್ಕಳು. ಅಳಿಯ ಬಂದ ಮೇಲೆ ಬೀಗರನ್ನು ಬಿಟ್ಟು ಹೋಗುವುದುಂಟೆ? ಬೀಗರ ತಂಗಿ ಒಂಟಿಯಾಗಿದ್ದಾರೆ, ಪಾಪ, ಅವರನ್ನೂ ಹಾಕಿ. ರಾತ್ರಿ ಎಣಿಸಿದರೆ ಹದಿನೇಳು ಮಂದಿ. ಮರುದಿನ ಬೆಳಗಿನ ಐದೂವರೆಗೆ ಬೀಗರು ನಾದಸ್ವರದ ವಿಡಿಯೋ ಜೊತೆಗೆ ಶುಭೋದಯ ಕಳಿಸಿದರು. ಅದಕ್ಕೆ ಹದಿನಾಲ್ಕು ಜನ ಕೈ ಮುಗಿದರು. ಮೌನ ದ್ವೀಪ ಅಧಿಕೃತವಾಗಿ ಆರಂಭವಾಯಿತು.

ಯಾವ ದ್ವೀಪ ಎಂಬ ಪ್ರಶ್ನೆ ಬಂದಾಗ ಚಿಕ್ಕಪ್ಪ ಮೊದಲು ಬಾಯಿ ತೆರೆದರು. ಅವರದು ಖರ್ಚಿನ ಲೆಕ್ಕ. "ಮಲ್ಪೆಗೆ ಹೋಗಿ ದೋಣಿ ಹತ್ತಿದ್ರೆ ಸೇಂಟ್ ಮೇರಿಸ್ ದ್ವೀಪ. ಬೆಳಗ್ಗೆ ಗೋಳಿಬಜೆ ತಿಂದು ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಉಡುಪಿ ಮಠ. ಊಟದ ಖರ್ಚೂ ಉಳೀತು." ಹಾಸ್ಯ ಮಾಡುವ ಸಲಹೆಯಲ್ಲ ಇದು. ಅಲ್ಲಿನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಪಾಲು ತೆಗೆದುಕೊಂಡು ದೂರ ಸರಿದ ಕಾಲದ ಲಾವಾ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಕತೆಯೂ ಇದೆ. ಆದರೆ ರಾತ್ರಿ ಉಳಿಯುವ ಹಾಗಿಲ್ಲ. ರಜೆಯ ದಿನವಾದರೆ ಗಾಮ ಕೂಡ ಸಾಲಿನಲ್ಲಿ ನಿಂತೇ ದೋಣಿ ಹತ್ತಬೇಕಾದಷ್ಟು ಜನ. ಭಾವ ಒಂದೇ ಮಾತಿಗೆ ತಳ್ಳಿಹಾಕಿದರು: "ಉಡುಪೀಲಿ ನಮ್ಮೋರು ತುಂಬಾ ಜನ ಇದ್ದಾರೆ, ಸಿಕ್ಕಿಬಿಡ್ತಾರೆ."

ಅಂಡಮಾನ್ ಎಂದಳು ಚಿಕ್ಕಮ್ಮನ ಮಗಳು. ನೀಲ್ ದ್ವೀಪ, ಅಂದರೆ 2018ರಿಂದ ಶಹೀದ್ ದ್ವೀಪ, ಬಹಳ ಪ್ರಶಾಂತ ಅಂತೆ. ಅದಕ್ಕೂ ಭಾವ ಕೈ ಅಡ್ಡ ಹಿಡಿದರು. ಅವರ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಆಗಲೇ ಹೋಗಿ ಬಂದು ಫೋಟೋ ಹಾಕಿದ್ದಾರೆ. ದ್ವೀಪದ ಶಾಂತಿಯನ್ನು ಭಾವ ಅಳೆಯುವುದು ಡೆಸಿಬಲ್‌ನಲ್ಲಲ್ಲ, ಪರಿಚಯದವರಲ್ಲಿ ಎಷ್ಟು ಮಂದಿ ಇನ್ನೂ ಅದನ್ನು ನೋಡಿಲ್ಲ ಎಂಬುದರಲ್ಲಿ. ಮಾಲ್ಡೀವ್ಸ್ ಎಂದ ಅಳಿಯ. ನೀರಿನ ಮೇಲೆ ಕಟ್ಟಿದ ಮರದ ಮನೆಯ ಒಂದು ರಾತ್ರಿಯ ಬಾಡಿಗೆ ನೋಡಿ ಚಿಕ್ಕಪ್ಪ ಗ್ರೂಪಿನಿಂದಲೇ ಹೊರನಡೆದರು. ಮತ್ತೆ ಸೇರಿಸಲು ಚಿಕ್ಕಮ್ಮನ ಕೈಕಾಲು ಹಿಡಿಯಬೇಕಾಯಿತು.

ಕೊನೆಗೆ ಉಳಿದದ್ದು ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಮರಳ ಮೇಲೆ ಕುರ್ಚಿ ಹಾಕಿಕೊಂಡು ಕುಳಿತ ಚಿತ್ರ ಬಂದ ಮೇಲೆ ದೇಶಕ್ಕೆ ದೇಶವೇ ಭೂಪಟ ತೆಗೆದು ನೋಡಿತಲ್ಲ, ಭಾವನ ಲಕ್ಷದ್ವೀಪ ಪಾಂಡಿತ್ಯ ಅಂದಿನಿಂದ ಶುರು. "ಅದು ಬೇರೆ ಯಾರದೋ ಅಲ್ಲ ಕಣಯ್ಯಾ, ನಮ್ಮದೇ" ಎಂದು ಒಂದು ದಿನ ಫೋನಿನಲ್ಲಿ ಪಾಠ ತೆಗೆದುಕೊಂಡರು. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸುಳ್ಳಿರಬೇಕೆಂದು ಹುಡುಕಿ ನೋಡಿದೆ. ದುರದೃಷ್ಟಕ್ಕೆ ಎಲ್ಲ ನಿಜ. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾಯಿತಲ್ಲ, ಅದೇ ದಿನ ಈ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತಲ್ಲ, ಅದೇ ದಿನ ಲಕ್ಕದೀವ್, ಮಿನಿಕಾಯ್, ಅಮಿನಿದಿವಿ ಎಂಬ ಮಾರುದ್ದದ ಹೆಸರು ಹೋಗಿ ಲಕ್ಷದ್ವೀಪವಾಯಿತು. ಹುಟ್ಟಿದ ದಿನವೂ ಒಂದೇ, ನಾಮಕರಣವೂ ಒಂದೇ ದಿನ. ನಾವು ಮಾತ್ರ ರಾಜ್ಯೋತ್ಸವಕ್ಕೆ ಒಂದು ಶುಭಾಶಯವನ್ನೂ ಆ ಕಡೆ ಕಳಿಸಿದವರಲ್ಲ.

ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಉತ್ತರದ ಈ ಐದು ದ್ವೀಪಗಳು 1956ರವರೆಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ ಅಮಿನಿಯವರು 1780ರ ದಶಕದಲ್ಲಿ ಟಿಪ್ಪುವಿನ ಬಳಿ ದೂರು ಹೇಳಿಕೊಂಡು ಅವನ ಕೈಕೆಳಗೆ ಬಂದರು. 1799ರಲ್ಲಿ ಟಿಪ್ಪು ಹೋದ ಮೇಲೆ ಬ್ರಿಟಿಷರು ಬಂದರು. ದ್ವೀಪದ ಕಾಗದಪತ್ರವೆಲ್ಲ ಮಂಗಳೂರಿನ ಕಲೆಕ್ಟರ ಮೇಜಿಗೆ. ದ್ವೀಪದವರು ಓಡಗಳಲ್ಲಿ ತೆಂಗಿನ ನಾರಿನ ಹುರಿ ತುಂಬಿಕೊಂಡು ಬಂದು ಅಕ್ಕಿ ತೆಗೆದುಕೊಂಡು ಹೋಗುತ್ತಿದ್ದರು. ಆ ಹುರಿಯ ವ್ಯಾಪಾರವನ್ನೂ ಸರಕಾರ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿತ್ತು: ಇಷ್ಟು ಹುರಿಗೆ ಇಷ್ಟೇ ಅಕ್ಕಿ, ಚೌಕಾಸಿಯಿಲ್ಲ. ಇಂದಿಗೂ ಮಂಗಳೂರಿನ ಹಳೇ ಬಂದರಿಗೆ ಹೋದರೆ ಜಲ್ಲಿ, ಮರಳು, ಸಿಮೆಂಟು, ಈರುಳ್ಳಿ, ತರಕಾರಿ ತುಂಬಿಸಿಕೊಳ್ಳುತ್ತಾ ನಿಂತ, ಮಂಜಿ ಎಂಬ ಸರಕು ಹಡಗುಗಳು ಕಾಣುತ್ತವೆ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಅವು ಹೋಗುವುದು ಅಲ್ಲಿಗೇ. ಈ ಇತಿಹಾಸವನ್ನೆಲ್ಲ ಭಾವ ಗ್ರೂಪಿಗೆ ಹಾಕಿದಾಗ ಬಂದದ್ದು ಒಂದೇ ಪ್ರತಿಕ್ರಿಯೆ, ಬೀಗರ ತಂಗಿಯದು: "ಅಲ್ಲಿ ಶನಿವಾರ ಹೋಗೋಕೆ ದೇವಸ್ಥಾನ ಇದೆಯಾ?"

ನನ್ನ ಹೆಂಡತಿ ಸಾಮಾನ್ಯವಾಗಿ ಈ ಚರ್ಚೆಗಳಲ್ಲಿ ಬಾಯಿ ಹಾಕುವುದಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಚಳಿಗಾಲದ ಪ್ರವಾಸ ಅಂತೀರಲ್ಲ, ಅಲ್ಲಿ ಚಳಿ ಇದೆಯಾ?" ಇಲ್ಲ. ಹಗಲು 30 ಡಿಗ್ರಿಯ ಆಸುಪಾಸು, ಜನವರಿಯ ರಾತ್ರಿಯಲ್ಲೂ 20ಕ್ಕಿಂತ ಕೆಳಗಿಳಿಯುವುದು ಅಪರೂಪ. ಹಾಗಾದರೆ ನಾವು ಹೋಗುತ್ತಿರುವುದು ಚಳಿಗಾಲವನ್ನು ಅನುಭವಿಸಲಿಕ್ಕೋ, ತಪ್ಪಿಸಿಕೊಳ್ಳಲಿಕ್ಕೋ? ಬೆಂಗಳೂರಿನ ಚಳಿ ತಪ್ಪಿಸಿಕೊಂಡು ಓಡಬೇಕಾದ ಚಳಿಯೇನೂ ಅಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೂ 16 ಡಿಗ್ರಿಗೇ ಮಂಕಿ ಕ್ಯಾಪ್ ಏರಿಸಿ ವಾಕಿಂಗ್ ಹೊರಡುವ ಭಾವ, 1884ರಲ್ಲಿ ತಾವೇ ಖುದ್ದಾಗಿ ನಡುಗಿದ್ದೇನೋ ಎಂಬಷ್ಟು ವಿವರವಾಗಿ ಅದನ್ನು ಬಣ್ಣಿಸುತ್ತಾರೆ. ಇನ್ನೊಂದು ಮಾತು, ಇದನ್ನು ನಾನು ಗ್ರೂಪಿನಲ್ಲಿ ಹೇಳಲಿಲ್ಲ: ಡಿಸೆಂಬರ್ ಕೊನೆ ಎಂದರೆ ಸೊಗಡಿನ ಅವರೆ ಬೀದಿಯಲ್ಲಿ ರಾಶಿ ಬೀಳುವ ಕಾಲ. ಹಿತಕಿದ ಬೇಳೆ ಸಾರು ಬಿಟ್ಟು ಊರು ಬಿಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ.

ಅಡ್ಡಿ ಬಂದದ್ದು ಪರ್ಮಿಟ್ಟಿನ ವಿಷಯಕ್ಕೆ. ಲಕ್ಷದ್ವೀಪಕ್ಕೆ ಸುಮ್ಮನೆ ಹೋಗುವ ಹಾಗಿಲ್ಲ. ನಮ್ಮ ದೇಶವೇ ಆದರೂ 1967ರ ನಿಯಮದ ಪ್ರಕಾರ ಹೊರಗಿನವರಿಗೆ ಅನುಮತಿ ಪತ್ರ ಬೇಕು. ಅದಕ್ಕೆ ನಮ್ಮೂರಿನ ಪೊಲೀಸರಿಂದ ಸರ್ಟಿಫಿಕೇಟು: ಈ ಮನುಷ್ಯನ ಮೇಲೆ ಕೇಸು ಗೀಸು ಇಲ್ಲ ಎಂದು. ಭಾವನಿಗೆ ಕೆಂಡದಂಥ ಕೋಪ. "ಇಷ್ಟು ವರ್ಷ ಮರ್ಯಾದೆಯಾಗಿ ಬಾಳಿದ್ದೀನಿ. ಸಮುದ್ರ ನೋಡೋಕೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾ?" ಅಳಿಯ ಸಮಾಧಾನ ಹೇಳಿದ: "ಮೆಟ್ಟಿಲು ಹತ್ತೋದೇನೂ ಬೇಡ ಮಾವ, ಅರ್ಜೀನ ಸೇವಾ ಸಿಂಧುವಿನಲ್ಲಿ ಹಾಕಬಹುದು." ಎಲ್ಲರೂ ಹಾಕಿದರು, ಚಿಕ್ಕಪ್ಪನ ಹೊರತು. ಏನೇನೋ ನೆಪ. ಆಧಾರ್ ಸಿಗುತ್ತಿಲ್ಲ, ಫೋಟೋದಲ್ಲಿ ಕನ್ನಡಕ ಬಂದಿದೆ, ಓಟಿಪಿ ಬರುತ್ತಿಲ್ಲ. ಕೊನೆಗೆ ಚಿಕ್ಕಮ್ಮ ಗುಟ್ಟು ಬಿಟ್ಟುಕೊಟ್ಟರು. ಬಹಳ ಹಿಂದೆ ಕಾಂಪೌಂಡ್ ಗೋಡೆಯ ವಿಷಯಕ್ಕೆ ಪಕ್ಕದ ಮನೆಯವರಿಗೂ ಇವರಿಗೂ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಗಿ ಅವರು ಸ್ಟೇಷನ್ನಿನಲ್ಲಿ ಒಂದು ದೂರು ಕೊಟ್ಟಿದ್ದರಂತೆ. ಅದು ಅಂದೇ ಸತ್ತುಹೋದ ದೂರು. ಚಿಕ್ಕಪ್ಪನಿಗೆ ಮಾತ್ರ ಅದು ಇನ್ನೂ ಎಲ್ಲೋ ಕಡತದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದೆ ಎಂಬ ಭಯ.

ಈ ಪರ್ಮಿಟ್ಟು ಯಾಕೆ ಎಂಬುದನ್ನು ಭಾವ ಒಮ್ಮೆಯಾದರೂ ಯೋಚಿಸಿದ್ದರೆ ಅಷ್ಟು ಕೂಗಾಡುತ್ತಿರಲಿಲ್ಲ. ಎಲ್ಲ ದ್ವೀಪ ಒಟ್ಟು ಸೇರಿಸಿದರೂ ಇರುವುದು 32 ಚದರ ಕಿಲೋಮೀಟರ್ ನೆಲ. ಜನ ನೆಲೆಸಿರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಲ್ಲಿ 64 ಸಾವಿರದ ಮೇಲೆ ಮಂದಿ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಪರಿಶಿಷ್ಟ ಪಂಗಡದವರು. ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಸಾರಿನ ಮೇಲೆ ತುಪ್ಪ ತೇಲಿದ ಹಾಗೆ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಆಸೆಬುರುಕತನದಿಂದ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ದಿನಕ್ಕೆ ಒಂದು ಲಕ್ಷ ಲೀಟರಿನಷ್ಟು ಸಿಹಿ ಮಾಡುವ ಸ್ಥಾವರ ಹಾಕಿದ ಮೇಲೆ ಅಲ್ಲಿಗಷ್ಟು ಉಸಿರು ಬಂತು. ಅಂಥ ಕಡೆಗೆ ನಮ್ಮ ಹದಿನೇಳು ಜನ, ಬೆಳಗ್ಗೆ ಎರಡೆರಡು ಬಕೆಟ್ ಬಿಸಿನೀರು ಬೇಕೇ ಬೇಕೆನ್ನುವವರು, ಹೊರಟು ನಿಂತಿದ್ದಾರೆ. ಪೊಲೀಸ್ ಸರ್ಟಿಫಿಕೇಟು ಸಾಲದು, ಬಚ್ಚಲು ಮನೆಯ ನಡವಳಿಕೆಗೂ ಒಂದು ಸರ್ಟಿಫಿಕೇಟು ಕೇಳಬೇಕಿತ್ತು.

ಹೋಗುವುದು ಹೇಗೆ? ವಿಮಾನ ಉಂಟು. 1988ರಲ್ಲಿ ಅಗತ್ತಿಯಲ್ಲಿ ನಿಲ್ದಾಣವಾಯಿತು, 2024ರಲ್ಲಿ ಬೆಂಗಳೂರಿನಿಂದಲೂ ಅಗತ್ತಿಗೆ ಹಾರಾಟ ಶುರುವಾಯಿತು. ಆ ದ್ವೀಪವೇ ಏಳೆಂಟು ಕಿಲೋಮೀಟರ್ ಉದ್ದದ ಒಂದು ಕಿರುಪಟ್ಟಿ, ಅಗಲವಾದ ಜಾಗದಲ್ಲೂ ಸುಮಾರು ಒಂದೇ ಕಿಲೋಮೀಟರ್. ಅದರ ತುದಿಯಲ್ಲಿ ಸುಮಾರು 1,200 ಮೀಟರಿನ ರನ್‌ವೇ, ಆಚೆಗೂ ಈಚೆಗೂ ಸಮುದ್ರ. ಫ್ಯಾನ್ ರೆಕ್ಕೆಯ ಸಣ್ಣ ವಿಮಾನವಷ್ಟೇ ಅಲ್ಲಿ ಇಳಿಯುತ್ತದೆ. ಆ ರನ್‌ವೇಯ ಚಿತ್ರವನ್ನು ಅಳಿಯ ಗ್ರೂಪಿನಲ್ಲಿ ಹಾಕಿದ ಅರ್ಧ ಗಂಟೆಯಲ್ಲಿ ಹಿರಿಯರೆಲ್ಲ ಹಡಗಿನ ಪಕ್ಷಕ್ಕೆ ಸೇರಿಕೊಂಡರು.

ಹಡಗು ಹೊರಡುವುದು ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ. ಅದು ಬಂದರಿನ ಹೂಳೆತ್ತಿದ ಮಣ್ಣನ್ನು ಸುರಿದು ಮನುಷ್ಯರೇ ಕಟ್ಟಿದ ದ್ವೀಪ. ಎರ್ನಾಕುಲಂನಲ್ಲಿ ರೈಲಿಳಿದು ಸೇತುವೆ ದಾಟಿದರೆ ಬಂದೇಬಿಟ್ಟಿತು. "ಮತ್ತಿನ್ನೇನು, ಇದೂ ದ್ವೀಪವೇ ಅಲ್ವಾ, ಇಲ್ಲೇ ಇದ್ದು ಬರೋಣ" ಎಂದು ಚಿಕ್ಕಪ್ಪ ಒಂದು ಸಲ ಹಗ್ಗ ಎಸೆದು ನೋಡಿದರು, ಯಾರೂ ಹಿಡಿಯಲಿಲ್ಲ. ಅಲ್ಲಿಂದ ದ್ವೀಪಗಳಿಗೆ 220ರಿಂದ 440 ಕಿಲೋಮೀಟರ್, ಹದಿನಾಲ್ಕು ಗಂಟೆಯಿಂದ ಇಪ್ಪತ್ತು ಗಂಟೆ. ಸರಕಾರದ್ದೇ ಆದ 'ಸ್ಪೋರ್ಟ್ಸ್' ಎಂಬ ಸಂಸ್ಥೆ, 1982ರಲ್ಲಿ ಹುಟ್ಟಿದ್ದು, 'ಸಮುದ್ರಂ' ಎಂಬ ಪ್ರವಾಸ ನಡೆಸುತ್ತದೆ. 700 ಜನರನ್ನು ಹೊರುವ ಎಂ.ವಿ. ಕವರತ್ತಿ ಹಡಗಿನಲ್ಲಿ ರಾತ್ರಿ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡುವುದು. ಟಿಕೆಟ್ಟಿನಲ್ಲಿ ಡೈಮಂಡ್, ಗೋಲ್ಡ್ ಎಂಬ ದರ್ಜೆಗಳು. ಇದನ್ನು ಓದಿ ಚಿಕ್ಕಮ್ಮ ಚಿಕ್ಕಪ್ಪನ ಕಡೆ ನೋಡಿ, "ನೋಡಿ, ಸಮುದ್ರದ ಮೇಲಾದ್ರೂ ಒಂದು ಸಲ ಡೈಮಂಡ್ ಕೊಡಿಸಿ" ಎಂದರಂತೆ.

ಹಡಗಿನ ಕತೆಯಲ್ಲಿ ಒಂದು ತಿರುವಿದೆ, ಅದನ್ನು ಭಾವ ಮುಚ್ಚಿಟ್ಟಿದ್ದರು. ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಹವಳದ ದಿಬ್ಬ ಅಡ್ಡ. ಹೊರಗೆ ಸಮುದ್ರದಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕೆಯ ಬಾಗಿಲಿನಿಂದ ಕೆಳಗಿರುವ ದೋಣಿಗೆ ಇಳಿಯಬೇಕು. ದೋಣಿ ಏರುತ್ತದೆ, ಇಳಿಯುತ್ತದೆ. ಸಮ ಬಂದ ಗಳಿಗೆಯಲ್ಲಿ ಇಬ್ಬರು ಆಳುಗಳು ರಟ್ಟೆ ಹಿಡಿದು ನಿಮ್ಮನ್ನು ದಾಟಿಸುತ್ತಾರೆ. ಹತ್ತುಗಜದ ಸೀರೆ, ಎರಡೂ ಮಂಡಿಗೆ ಬೆಲ್ಟು, ಕೈಯಲ್ಲಿ ಪುಳಿಯೋಗರೆ ಗೊಜ್ಜಿನ ಡಬ್ಬ, ಇದರೊಡನೆ ಬೀಗರ ತಂಗಿ ಅರಬ್ಬೀ ಸಮುದ್ರದ ಮೇಲೆ ದಾಟುವ ದೃಶ್ಯವನ್ನು ಎಲ್ಲರೂ ಮನಸ್ಸಿನಲ್ಲೇ ಕಲ್ಪಿಸಿಕೊಂಡರು. ಗ್ರೂಪಿನಲ್ಲಿ ಅಂದು ಇಡೀ ದಿನ ಒಂದೇ ಒಂದು ಸಂದೇಶ ಬರಲಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಡಿಸೆಂಬರಿನಲ್ಲಿ ಮದುವೆ, ಗೃಹಪ್ರವೇಶ, ಧನುರ್ಮಾಸದ ಪೂಜೆ ನೆನಪಾಗತೊಡಗಿತು.

ಉಳಿದವರು ಊಟಕ್ಕೆ ಬಂದರು. ನಾನೆಂದದ್ದು ಊಟದ ಚರ್ಚೆಗೆ. ಅಲ್ಲಿನವರ ಊಟ ಎಂದರೆ ಸೂರೆ ಮೀನು, ಅನ್ನ, ತೆಂಗು. ಬಲೆ ಬೀಸಿ ಬಾಚುವುದಲ್ಲ. ಸಣ್ಣ ಮೀನು ಎರಚಿ, ಗಳಕ್ಕೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತಿ ದೋಣಿಯೊಳಗೆ ಹಾಕುತ್ತಾರೆ. ಅದನ್ನು ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಒಣಗಿಸಿದರೆ ಮಾಸ್ ಮೀನು. ಕಟ್ಟಿಗೆಯಷ್ಟು ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ತೆಂಗಿನ ಸಿಹಿ ರಸ ಕಾಯಿಸಿ ಬೆಲ್ಲ ಮಾಡುತ್ತಾರೆ. ಆ ಬೆಲ್ಲದ ಹೆಸರು ಕೇಳಿ ಚಿಕ್ಕಮ್ಮನ ಮುಖ ಅರಳಿತು, ಮೀನಿನ ಹೆಸರು ಕೇಳಿ ಬಾಡಿತು. "ನಮಗೆ ತರಕಾರಿ?" ತರಕಾರಿ ಹಡಗಿನಲ್ಲಿ ಬರಬೇಕು. ಅಂದರೆ ಪ್ರಶಾಂತ ದ್ವೀಪದಲ್ಲಿ ಕುಳಿತು ಅವರು ಬಾಯಿಗಿಡುವ ಹುರುಳಿಕಾಯಿ ಅವರಿಗಿಂತ ಮೊದಲೇ ಮಂಗಳೂರು ಬಂದರಿನಿಂದ ಪ್ರಯಾಣ ಮಾಡಿ, ಅವರಷ್ಟೇ ದಣಿದು ಬಂದಿರುತ್ತದೆ.

ಮದ್ಯ ಇಡೀ ಲಕ್ಷದ್ವೀಪದಲ್ಲಿ ನಿಷಿದ್ಧ, ಬಂಗಾರಂ ಒಂದನ್ನು ಬಿಟ್ಟು. ಈ ಸಂಗತಿ ತಿಳಿದ ದಿನದಿಂದ ಅಳಿಯನಿಗೆ ಬಂಗಾರಂನ ಲಗೂನು, ಬಂಗಾರಂನ ಹಕ್ಕಿ, ಬಂಗಾರಂನ ಸೂರ್ಯಾಸ್ತದ ಬಗ್ಗೆ ಅಪಾರ ಆಸಕ್ತಿ. ಮಾವನೆದುರು ಕಾರಣ ಹೇಳಲಾರ. "ಅಲ್ಲಿ ಪ್ರಕೃತಿ ಚೆನ್ನಾಗಿದೆಯಂತೆ ಮಾವ" ಎನ್ನುತ್ತಾನೆ. ಮಾವನೂ, "ಹೌದಪ್ಪ, ನಾನೂ ಹಾಗೇ ಕೇಳಿದೀನಿ" ಎನ್ನುತ್ತಾರೆ.

ಆಮೇಲೆ ಬಂತು ಭಾವನ ವೇಳಾಪಟ್ಟಿ. ಬೆಳಗ್ಗೆ 5.45ಕ್ಕೆ ಏಳುವುದು, 6.30ಕ್ಕೆ ಧ್ಯಾನ, 7.00ಕ್ಕೆ ಕಾಫಿ, 7.15ರಿಂದ ಗ್ರೂಪ್ ಫೋಟೋ. 'ಸುಮ್ಮನೆ ಕೂರುವುದು' ಎಂಬುದಕ್ಕೂ ಮಧ್ಯಾಹ್ನ 3.00ರಿಂದ 3.45ರವರೆಗೆ ಸಮಯ ನಿಗದಿ. "ಅಲ್ಲಿ ನೋಡೋದು ಏನಿದೆ?" ಎಂದು ಬೀಗರು ಕೇಳಿದ್ದೇ ತಪ್ಪಾಯಿತು. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವಿದೆ, ಮೆಟ್ಟಿಲು ಹತ್ತಬಹುದು. ಬೀಗರಿಗೆ ಹೃದಯದ ತೊಂದರೆ ಇದೆ, ಹತ್ತಲಾಗದು. ಮಿನಿಕಾಯ್‌ನವರ ಮಾತು ಉಳಿದ ದ್ವೀಪಗಳಂತೆ ಮಲಯಾಳದ ಬಗೆಯಲ್ಲ, ಮಾಲ್ಡೀವ್ಸಿನ ಮಾತಿನ ನಂಟಿರುವ ಮಹಲ್. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಭಾವ ಅದನ್ನೂ ಕಲಿಯುವ ಉತ್ಸಾಹದಲ್ಲಿದ್ದಾರೆ. ಇಷ್ಟು ವರ್ಷ ನೆರೆಮನೆಯಲ್ಲಿರುವ ತುಳುವರಿಂದ ಒಂದು ತುಳು ಮಾತು ಕಲಿತಿಲ್ಲ.

ಈ ಹುಡುಕಾಟದಲ್ಲಿ ಅಕ್ಕನಿಗೆ ಒಂದು ನಿಧಿ ಸಿಕ್ಕಿತು. ಲಕ್ಷದ್ವೀಪದವರು ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಆದರೂ ಅಲ್ಲಿ ಬಹುಮಟ್ಟಿಗೆ ತಾಯಿಯ ಕಡೆಯಿಂದ ಬರುವ ಮನೆತನ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಕಲ್ಪೇನಿಯ ಬಗ್ಗೆ 1969ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹೆಂಗಸು ಹುಟ್ಟಿದ ಮನೆ ಬಿಟ್ಟು ಹೋಗುವುದಿಲ್ಲ, ಗಂಡ ರಾತ್ರಿಗೆ ಹೆಂಡತಿಯ ಮನೆಗೆ ಬಂದು ಬೆಳಗ್ಗೆ ಎದ್ದು ತನ್ನ ತಾಯಿಯ ಮನೆಗೆ ಹೋಗುವ ಪದ್ಧತಿ. ಅಕ್ಕ ಇದನ್ನು ಗ್ರೂಪಿನಲ್ಲಿ ಬರೆದು ಕೆಳಗೆ ಒಂದೇ ವಾಕ್ಯ ಸೇರಿಸಿದಳು: "ಎಷ್ಟು ಶಾಂತಿ!" ಹೆಂಗಸರೆಲ್ಲ ಹೃದಯದ ಚಿಹ್ನೆ ಹಾಕಿದರು. ಭಾವ ಎರಡು ದಿನ ಅಕ್ಕನ ಕೈಯ ಕಾಫಿಯನ್ನು ಹೊಗಳಿದರು.

ಫೋನಿನ ಸಂಪರ್ಕ ಸಿಗದಿದ್ದರೆ ಎಂಬ ಚಿಂತೆ ಮೊದಲಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಶಾಂತಿ ಬೇಕೆಂದ ಮೇಲೆ ನೆಟ್‌ವರ್ಕ್ ಕೇಳುವುದು ಹೇಗೆ? ಆದರೆ ಎಲ್ಲರೂ ಖಾಸಗಿಯಾಗಿ ನನ್ನನ್ನು ಕೇಳಿದರು. ಕೊಚ್ಚಿಯಿಂದ ಸಮುದ್ರದಡಿಯಲ್ಲಿ ಕೇಬಲ್ ಎಳೆದು 2024ರ ಜನವರಿಯಲ್ಲಿ ಹನ್ನೊಂದು ದ್ವೀಪಗಳಿಗೆ ವೇಗದ ಇಂಟರ್ನೆಟ್ ಕೊಟ್ಟಿದ್ದಾರೆ ಎಂದು ಹೇಳಿದ ಮೇಲೆ ಒಬ್ಬೊಬ್ಬರ ಮುಖದಲ್ಲೂ ನಿಜವಾದ ಶಾಂತಿ ಕಂಡೆ. ಬೀಗರ ಶುಭೋದಯಕ್ಕೆ ಇನ್ನು ಸಾಗರವೂ ಅಡ್ಡವಿಲ್ಲ.

ಭಾವನ ಸ್ವಭಾವವೇನೆಂದರೆ ಯಾವುದನ್ನೂ ಮುಂದಿನ ವರ್ಷಕ್ಕೆ ತಳ್ಳಬಲ್ಲರು. ಅದಕ್ಕೇ ನಾನು ಒಂದು ಸಂಗತಿ ಹೇಳಿ ಹೆದರಿಸಿ ನೋಡಿದೆ. ಲಕ್ಷದ್ವೀಪದಲ್ಲಿ 36 ದ್ವೀಪ ಎಂದು ನಾವು ಶಾಲೆಯಲ್ಲಿ ಉರು ಹೊಡೆದಿದ್ದೆವಲ್ಲ, ಅದರಲ್ಲಿ ಬಂಗಾರಂ ಬಳಿಯ ಪರಳಿ-1 ಎಂಬ ಕಿರುದ್ವೀಪ ಅಲೆ ಕೊರೆದೂ ಕೊರೆದೂ ಈಗ ಇಲ್ಲವೇ ಇಲ್ಲ. ಸಮುದ್ರ ಕಾದಾಗ ಹವಳ ಬಿಳಿಚಿಕೊಂಡು ಸಾಯುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಹಾಗಾಗಿದೆ. ಆ ಹವಳವೇ ಅಲೆಗೆ ಅಡ್ಡಗೋಡೆ. ಗೋಡೆ ಕುಸಿದರೆ ಎಲ್ಲೂ ಕೆಲವೇ ಮೀಟರ್ ಎತ್ತರವಿರುವ ಆ ನೆಲಕ್ಕೆ ಬೇರೆ ಆಸರೆಯಿಲ್ಲ. "ನೀವು ಹೀಗೇ ಪ್ಲಾನ್ ಮಾಡ್ತಾ ಕೂತ್ರೆ ಭಾವ, ನಾವು ಹೋಗೋ ಹೊತ್ತಿಗೆ ದ್ವೀಪ ಇರಲ್ಲ" ಎಂದೆ. ಚಿಕ್ಕಮ್ಮ ತಕ್ಷಣ, "ಹಾಗಾದ್ರೆ ಬೇಗ ಹೋಗಿ ಒಂದೆರಡು ಹವಳದ ಕಲ್ಲು ಶೋಕೇಸಿಗೆ ತಂದ್ಬಿಡೋಣ" ಎಂದರು. ಹವಳ ತಂದರೆ ಅಪರಾಧ, ಹಿಡಿಯುತ್ತಾರೆ ಎಂದೆ. ಚಿಕ್ಕಪ್ಪನಿಗೆ ಮತ್ತೆ ಕಾಂಪೌಂಡ್ ಗೋಡೆ ಜ್ಞಾಪಕಕ್ಕೆ ಬಂದು ಬೆವರು ಒರೆಸಿಕೊಂಡರು.

ಇಷ್ಟೆಲ್ಲ ಆಗುವಾಗ ಒಂದು ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದೇ ಹಡಗಿನಲ್ಲಿ ಅಲ್ಲಿನವರೂ ಓಡಾಡಬೇಕು. ಕಾಲೇಜಿಗೆ, ಆಸ್ಪತ್ರೆಗೆ, ಮದುವೆಯ ಚಿನ್ನಕ್ಕೆ, ಎಲ್ಲಕ್ಕೂ ಅವರಿಗೆ ಕೊಚ್ಚಿಯೋ ಕೋಯಿಕ್ಕೋಡೋ ಮಂಗಳೂರೋ ಬೇಕು. ಟಿಕೆಟ್ ಸಿಗದೆ ದಿನಗಟ್ಟಲೆ ಬಂದರಿನ ಊರಿನಲ್ಲಿ ಕಾಯುವುದು ಅವರಿಗೆ ಹೊಸದಲ್ಲ. ಕಾಯಿಲೆ ಜೋರಾದರೆ ಹೆಲಿಕಾಪ್ಟರ್ ಬರಬೇಕು. ನಾವು ಶಾಂತಿ ಎನ್ನುವುದು ಅವರಿಗೆ ಹಡಗು ಬಾರದ ದಿನ.

ಇದು ನನಗೆ ತಾನಾಗಿ ಹೊಳೆದದ್ದೇನಲ್ಲ, ಫೋನಿನಲ್ಲಿ ಒಬ್ಬ ಹುಡುಗನ ಮಾತು ಕೇಳಿದ ಮೇಲೆ ಹೊಳೆದದ್ದು. ಭಾವ ಯಾರ್‍ಯಾರನ್ನೋ ಹಿಡಿದು, ಮಂಗಳೂರಿನಲ್ಲಿ ಓದುತ್ತಿರುವ ಕಿಲ್ತಾನ್ ಕಡೆಯ ಒಬ್ಬ ವಿದ್ಯಾರ್ಥಿಯ ನಂಬರು ಸಂಪಾದಿಸಿದ್ದರು. ಸ್ಪೀಕರ್ ಹಾಕಿ ನಮ್ಮೆಲ್ಲರ ಮುಂದೆ ಕೇಳಿದರು: "ಡಿಸೆಂಬರಿನಲ್ಲಿ ನಿಮ್ಮ ಕಡೆ ಹೇಗಪ್ಪಾ, ಗಲಾಟೆ ಇಲ್ಲ ತಾನೆ?" ಹುಡುಗ ಒಂದು ಗಳಿಗೆ ಸುಮ್ಮನಿದ್ದು, ಮಂಗಳೂರು ಕನ್ನಡದಲ್ಲಿ ಹೇಳಿದ. "ಗಲಾಟೆ ಎಂಥದೂ ಇಲ್ಲ ಸಾರ್, ನಾಯಿ ಕೂಡ ಇಲ್ಲ. ನಾವು ಡಿಸೆಂಬರಿನಲ್ಲಿ ಈ ಕಡೆ ಬರುವುದು. ಈ ಸಲ ಮನೆಯವರೆಲ್ಲ ಬೆಂಗಳೂರು ನೋಡ್ಬೇಕು ಅಂತ ಉಂಟು. ಮೆಟ್ರೋ, ಮಾಲು, ಜನ ಎಲ್ಲ ಇರ್ತದಲ್ಲ ಸಾರ್, ಹೊಸ ವರ್ಷದ ರಾತ್ರಿ ಬ್ರಿಗೇಡ್ ರೋಡಲ್ಲಿ?"

ಭಾವ ಜನ್ಮದಲ್ಲಿ ಮೊದಲ ಬಾರಿಗೆ ಉತ್ತರಕ್ಕೆ ತಡಕಾಡಿದ್ದನ್ನು ನಾನು ಕಂಡೆ. ಆದರೆ ಪ್ಲಾನ್ ಮಾಡುವವರ ರಕ್ತ ಎಲ್ಲಿ ಸುಮ್ಮನಿರುತ್ತದೆ? ಎಷ್ಟು ಜನ, ಯಾವ ತಾರೀಖು, ಮಂಗಳೂರಿನಿಂದ ರೈಲೋ ಬಸ್ಸೋ, ಊಟಕ್ಕೆ ಏನು ಎಂದು ಒಂದೇ ಉಸಿರಿಗೆ ಶುರುವಿಟ್ಟುಕೊಂಡರು. ಹದಿನೈದು ಇಪ್ಪತ್ತು ಜನ ಆಗಬಹುದು, ಅತ್ತೆಯಂದಿರು ಇನ್ನೂ ನಿಶ್ಚಯಿಸಿಲ್ಲ ಎಂದ ಹುಡುಗ. ಬೆಂಗಳೂರಿಗೆ ಎರಡು ದಿನ ಸಾಕು, ನಂದಿಬೆಟ್ಟದ ಬೆಳಗಿನ ಮಂಜು ನೋಡದೆ ಹೋಗಬಾರದು, ಅಲ್ಲಿಂದ ಮೈಸೂರು, ಅಲ್ಲಿಂದ ಮಡಿಕೇರಿ ಎಂದು ಭಾವ ನಕ್ಷೆ ಹಾಕಿಯೇಬಿಟ್ಟರು. ಅಕ್ಕ ಒಳಗಿನಿಂದ ಹಾಸಿಗೆ ಎಷ್ಟಿದೆ ಎಂದು ಎಣಿಸುತ್ತಿದ್ದಳು. ನಡುವೆ ಹುಡುಗ ಫೋನಿನಲ್ಲೇ ಊರಿನಲ್ಲಿರುವ ತಾಯಿಯನ್ನೂ ಸೇರಿಸಿಕೊಂಡ. ಅವರು ತಮ್ಮ ಮಲಯಾಳದಲ್ಲಿ ಏನೋ ಕೇಳಿದರು. ಹುಟ್ಟಿದಂದಿನಿಂದ ಅವರು ಚಳಿ ಎಂಬುದನ್ನೇ ಕಂಡಿಲ್ಲವಂತೆ, ಅದಕ್ಕೇ ಈ ಪ್ರವಾಸವಂತೆ.

"ಏನಂತೆ?" ಎಂದರು ಭಾವ.

"ಸ್ವೆಟರ್ ತೆಗೊಂಡ್ರೆ ಆಮೇಲೆ ಊರಲ್ಲಿ ಹಾಕ್ಲಿಕ್ಕೆ ಆಗುವುದಿಲ್ಲ ಅಲ್ವಾ ಸಾರ್" ಎಂದ ಹುಡುಗ. "ಅಲ್ಲಿ ಬಾಡಿಗೆಗೆ ಸಿಗ್ತದಾ ಅಂತ ಕೇಳ್ತಾರೆ."